ಯುಕೆಜಿ ಮಕ್ಕಳ ಘಟಿಕೋತ್ಸವ

ಫೆಬ್ರವರಿ ಬಂತೆಂದರೆ ಬಸವಕಲ್ಯಾಣ, ಹುಮನಾಬಾದ್‌ಗಳ ಖಾಸಗಿ ಶಾಲೆಗಳ ಎಲ್‌ಕೆಜಿ, ಯುಕೆಜಿ ಕೋಣೆಗಳಲ್ಲಿ ಎರಡೇ ಕೆಲಸ. ಊಟದ ಬಿಡುವಿನ ಮುಂಚೆ ರಿವಿಜನ್, ಊಟದ ಮೇಲೆ ಗ್ಯಾದರಿಂಗಿನ ತಾಲೀಮು. ವಾರ್ಷಿಕೋತ್ಸವಕ್ಕೆ ನಮ್ಮ ಕಡೆ ಗ್ಯಾದರಿಂಗ್ ಅನ್ನುವುದೇ ರೂಢಿ. ಹೊರಗೆ ಬಿಸಿಲು ಆಗಲೇ ಚುರುಗುಟ್ಟತೊಡಗಿರುತ್ತದೆ. ಒಳಗೆ ನಾಲ್ಕೈದು ವರ್ಷದ ಮೂವತ್ತು ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಒಂದರಿಂದ ನೂರರವರೆಗೆ ಇಂಗ್ಲಿಷಿನಲ್ಲಿ ಎಣಿಸುತ್ತಿರುತ್ತವೆ. ಎಣಿಸುತ್ತಿರುತ್ತವೆ ಅನ್ನುವುದೂ ಪೂರ್ತಿ ಸರಿಯಲ್ಲ, ಎದುರಿಗೆ ಎಣಿಸಲು ಏನೂ ಇರುವುದಿಲ್ಲ. ಹಾಡುತ್ತಿರುತ್ತವೆ ಅನ್ನಬಹುದು.

ಈ ಹೊತ್ತಿಗೆ ಯುಕೆಜಿ ಮಗುವಿಗೆ ಏನೇನು ಬಂದಿರಬೇಕು ಎಂಬ ಪಟ್ಟಿ ಡೈರಿಯಲ್ಲಿ ಅಂಟಿಸಿಕೊಂಡು ಮನೆಗೆ ಬರುತ್ತದೆ. ದೊಡ್ಡ ಎಬಿಸಿಡಿ, ಸಣ್ಣ ಎಬಿಸಿಡಿ, ಮೂರಕ್ಷರದ ಕ್ಯಾಟು-ಬ್ಯಾಟು-ಮ್ಯಾಟು, ಎರಡರ ಮಗ್ಗಿ, ಕನ್ನಡದ ಸ್ವರ ವ್ಯಂಜನ, ಕೆಲವು ಕಡೆ ಹಿಂದಿಯವೂ, ಹತ್ತು ಹನ್ನೆರಡು ರೈಮ್ಸು, ಪ್ರಧಾನಿಯ ಹೆಸರು, ಮುಖ್ಯಮಂತ್ರಿಯ ಹೆಸರು. ಹಣ್ಣುಗಳ ಪಟ್ಟಿ ಆ್ಯಪಲ್‌ನಿಂದ ಶುರುವಾಗುತ್ತದೆ. ಅದೇ ವಾರ ಊರ ಸಂತೆಯಲ್ಲಿ ಬಾರಿಹಣ್ಣಿನ ಗುಡ್ಡೆ ಬಿದ್ದಿರುತ್ತದೆ, ಅರ್ಧ ಮಕ್ಕಳ ಜೇಬಿನಲ್ಲೂ ಇರುತ್ತದೆ. ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಗ್ಯಾದರಿಂಗಿಗೆ ಈಚೆಗೆ ಹೊಸದೊಂದು ಸೇರಿದೆ, ಗ್ರಾಜುಯೇಷನ್ ಡೇ. ಯುಕೆಜಿ ಮುಗಿಸುವ ಮಗುವಿಗೆ ಕರಿ ಗೌನು, ಕುಚ್ಚು ಇಳಿಬಿದ್ದ ಚೌಕದ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಸುರುಳಿ ಕಾಗದ. ಹೋದ ವರ್ಷ ಹುಮನಾಬಾದಿನ ಒಂದು ಶಾಲೆಯಲ್ಲಿ ನನ್ನ ಅಕ್ಕನ ಮಗಳೂ ಇದನ್ನು ತೊಟ್ಟಳು. ನಾಲ್ಕು ವರ್ಷದಿಂದ ಪಿಎಚ್‌ಡಿ ಎಂಬ ಬಾವಿಯಲ್ಲಿ ಈಜುತ್ತಿರುವ ಅವಳ ಮಾಮನಿಗೆ ಇನ್ನೂ ಸಿಗದ ಗೌನು ಅದು. ಬಾಡಿಗೆ ಬೇರೆ ಕೊಡಬೇಕಿತ್ತು. ಮನೆಯವರೆಲ್ಲ ನಕ್ಕೆವು, ಫೋಟೊ ತೆಗೆದೆವು, ಸ್ಟೇಟಸ್ಸಿಗೆ ಹಾಕಿದೆವು. ಅಷ್ಟಕ್ಕೇ ಮುಗಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಗೌನು ಚಂದವೇ ಇತ್ತು. ಆ ಗೌನಿನ ಒಳಗೆ ಮಗು ಎರಡು ವರ್ಷದಲ್ಲಿ ಏನು ಕಲಿತು ಬಂದಿದೆ ಎಂದು ಯಾರೂ ಕೇಳದೇ ಇರುವುದು ನನಗೆ ತಡೆಯಲಾಗದ ಸಂಗತಿ.

ವೇದಿಕೆಯ ಮೇಲೆ ಪ್ರತಿ ಮಗುವೂ ‘ಮೈಸೆಲ್ಫ್’ ಹೇಳುತ್ತದೆ. ಐದು ವಾಕ್ಯ. ನನ್ನ ಹೆಸರು, ನನ್ನ ವಯಸ್ಸು, ನನ್ನ ಶಾಲೆ, ಮೈ ಫಾದರ್ ಈಸ್ ಎ ಫಾರ್ಮರ್, ಥ್ಯಾಂಕ್ಯೂ. ಅಕ್ಕನ ಮಗಳ ಸಂಗಾತಿ ಒಬ್ಬ ಹುಡುಗ ಇದನ್ನು ತಾಲೀಮಿನಲ್ಲಿ ಮೂರು ಸಲ ತಪ್ಪಿ, ನಾಲ್ಕನೆಯ ಸಲ ಸರಿ ಹೇಳಿ, ಟೀಚರಿಂದ ಶಭಾಷ್ ಅನ್ನಿಸಿಕೊಂಡಿದ್ದ. ಮನೆಗೆ ಹೋಗುವಾಗ ಆಟೋದಲ್ಲಿ ನನ್ನ ಪಕ್ಕವೇ ಕೂತಿದ್ದ. ‘ನಿಮ್ಮಪ್ಪ ಏನ್ ಮಾಡ್ಲತ್ತಾರಪ್ಪ?’ ಅಂದೆ. ‘ಕಡ್ಲಿ ರಾಶಿ ಮಾಡ್ಲತ್ತಾನ್ರಿ. ಮಷೀನ್ ಬಂದದ. ಹೊಟ್ಟು ಹಾರಿ ಕಣ್ಣಾಗ ಬೀಳ್ತದ, ಅದ್ಕ ನಾ ಗಾಳಿ ಬರೋ ಕಡಿ ನಿಂತಿದ್ದೆ. ಅಜ್ಜಿ ಮೊರ ತಗೊಂಡು ಕೇರ್ಲತ್ತಾಳ. ಮುಂದಿನ ಹೊಲದವ್ರ ಜೋಳ ಹಕ್ಕಿ ತಿಂದಾವ, ನಮ್ಮವು ತಿಂದಿಲ್ಲ.’ ಆಟೋ ಅವರ ಓಣಿ ಮುಟ್ಟುವವರೆಗೂ ಅವನ ಮಾತು ನಿಲ್ಲಲಿಲ್ಲ.

ಈಗ ಲೆಕ್ಕ ಹಾಕಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹೊಟ್ಟು ಯಾವ ಕಡೆ ಹೋಗುತ್ತದೆ, ಅದಕ್ಕಾಗಿ ತಾನು ಎಲ್ಲಿ ನಿಲ್ಲಬೇಕು ಎಂಬುದು ವಿಜ್ಞಾನ. ಹಗುರದ್ದು ಹಾರಿ ಭಾರದ್ದು ಉಳಿಯುವುದನ್ನು ಅಜ್ಜಿಯ ಮೊರದಲ್ಲಿ ನೋಡಿರುವುದು ವಿಜ್ಞಾನವೇ. ನಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ಹೋಲಿಸಿ ಹೇಳುವುದು ಗಣಿತದ ಮೊದಲ ಮೆಟ್ಟಿಲು. ‘ಅದ್ಕ’ ಎಂಬ ಒಂದು ಪದ ಬಳಸಿ ಕಾರಣವನ್ನೂ ಪರಿಣಾಮವನ್ನೂ ಅವನು ಜೋಡಿಸಿದ್ದ. ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡ ಹುಡುಗನಿಗೆ ಶಾಲೆ ಎರಡು ವರ್ಷ ಕಷ್ಟಪಟ್ಟು ಕಲಿಸಿದ್ದು, ಅಪ್ಪನ ಬಗ್ಗೆ ಹೇಳು ಅಂದರೆ ನಾಲ್ಕೈದು ಪದದಲ್ಲಿ ಮುಗಿಸು ಎಂಬುದನ್ನು. ಅವನ ಪ್ರೋಗ್ರೆಸ್ ಕಾರ್ಡಿನಲ್ಲಿ ಮಾತಿನ ಕಲಮಿನ ಎದುರು ಏನು ಬರೆದಿರುತ್ತಾರೋ ಊಹಿಸಿಕೊಳ್ಳಿ. ಆಟೋದ ಹುಡುಗನನ್ನು ಆ ಕಾರ್ಡು ಕಂಡೇ ಇಲ್ಲ.

ಇಂಗ್ಲಿಷಾದರೂ ಬಂತೇ? ಈ ಮಕ್ಕಳಿಗೆ ನಿಜವಾಗಿ ಬಳಸಲು ಬರುವ ಇಂಗ್ಲಿಷ್ ವಾಕ್ಯಗಳನ್ನು ಬರೆದು ನೋಡಿದೆ. ಮೇ ಐ ಕಮಿನ್ ಮಿಸ್, ಮೇ ಐ ಗೋ ಟು ಟಾಯ್ಲೆಟ್ ಮಿಸ್, ಮೇ ಐ ಡ್ರಿಂಕ್ ವಾಟರ್ ಮಿಸ್, ಪ್ರೆಸೆಂಟ್ ಮಿಸ್, ಸಾರಿ ಮಿಸ್, ಥ್ಯಾಂಕ್ಯೂ ಮಿಸ್. ಎಲ್ಲವೂ ಅಪ್ಪಣೆ ಕೇಳುವ, ತಪ್ಪೊಪ್ಪುವ, ಹಾಜರಿ ಹೇಳುವ ಮಾತು. ಒಂದು ಪ್ರಶ್ನೆ ಇಲ್ಲ, ಒಂದು ಜಗಳ ಇಲ್ಲ, ಒಂದು ಸುಳ್ಳು ಕೂಡ ಇಲ್ಲ. ಸುಳ್ಳು ಹೇಳಲೂ ಭಾಷೆ ಚೆನ್ನಾಗಿ ಬರಬೇಕು. ಈ ಇಂಗ್ಲಿಷು ದೊಡ್ಡವರ ಎದುರು ಕೈಕಟ್ಟಿ ನಿಲ್ಲುವ ಇಂಗ್ಲಿಷು. ಬೆಂಗಳೂರಿನ ದುಬಾರಿ ಶಾಲೆಯ ಮಗು ಇದೇ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಹಟ ಮಾಡುತ್ತದೆ, ಮನೆಯಲ್ಲೂ ಅದೇ ಭಾಷೆ ಕೇಳಿಸಿಕೊಂಡಿರುತ್ತದೆ. ನಮ್ಮ ಮಕ್ಕಳಿಗೆ ಕೊಟ್ಟದ್ದು ಅದರ ಸಿಪ್ಪೆ. ದರ ಮಾತ್ರ ಹಣ್ಣಿನದೇ.

ಆ ಟಾಯ್ಲೆಟ್ ವಾಕ್ಯವನ್ನು ತಮಾಷೆ ಮಾಡಿ ದಾಟಿಹೋಗಲು ನನಗೆ ಆಗುವುದಿಲ್ಲ. ‘ಪಿಶಾಬ್ ಕು ಜಾನಾ’ ಅಂದ ಮಗುವಿಗೆ ‘ಸೇ ಇನ್ ಇಂಗ್ಲಿಷ್’ ಎಂದು ಹೇಳಿ ಕಾಯಿಸಿದರೆ ಏನಾಗುತ್ತದೆ ಎಂದು ಮಕ್ಕಳಿರುವ ಎಲ್ಲ ಮನೆಗೂ ಗೊತ್ತು. ಚಡ್ಡಿ ಒದ್ದೆಯಾಗುತ್ತದೆ, ಇಡೀ ಕ್ಲಾಸು ನಗುತ್ತದೆ, ಮರುದಿನ ಮಗು ಹೊಟ್ಟೆನೋವು ಅನ್ನುತ್ತದೆ. ಮನೆಯಲ್ಲಿ ಆಡುವ ಮಾತಿನಿಂದ ಇಲ್ಲಿ ಚಡ್ಡಿ ಕೂಡ ಒಣಗಿ ಉಳಿಯುವುದಿಲ್ಲ ಎಂಬುದು ಅದು ಕಲಿಯುವ ಪಾಠ. ಈ ಪಾಠವನ್ನು ಯಾವ ಮಗುವೂ ಮರೆಯುವುದಿಲ್ಲ, ಎರಡರ ಮಗ್ಗಿಯನ್ನು ಬೇಕಾದರೆ ಮರೆತೀತು.

ಮನೆಯ ಮಾತು ಅಂದೆ. ಯಾವ ಮನೆ? ಬಸವಕಲ್ಯಾಣದ ಒಂದೇ ಓಣಿಯಲ್ಲಿ ಅವ್ವ, ಆಯಿ, ಅಮ್ಮೀ ಮೂರೂ ಕೇಳಿಸುತ್ತವೆ. ತಾಂಡಾದಿಂದ ಬರುವ ಮಗುವಿಗೆ ತಾಯಿ ಯಾಡಿ. ಹುಮನಾಬಾದಿನ ಪೇಟೆಯಲ್ಲಿ ಅಂಗಡಿಯವ ಕನ್ನಡದಲ್ಲಿ ಬೆಲೆ ಹೇಳಿ, ಮರಾಠಿಯಲ್ಲಿ ಚೌಕಾಸಿ ಕೇಳಿ, ದಖನಿಯಲ್ಲಿ ‘ನಕ್ಕೊ’ ಅನ್ನುತ್ತಾನೆ. ಈ ‘ನಕ್ಕೊ’ ಮರಾಠಿಯ ‘ನಕೋ’ದ ಮಗ, ದಖನಿಯವರ ಬಾಯಲ್ಲಿ ಬೆಳೆದು ಈಗ ಎಲ್ಲರದೂ ಆಗಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆನಿಂತ ಮಾಣಿಕ ಪ್ರಭುಗಳು ಮರಾಠಿ, ಕನ್ನಡ, ಉರ್ದು, ಸಂಸ್ಕೃತಗಳಲ್ಲಿ ಪದ ಕಟ್ಟಿದರು. ಈ ಎರಡು ಊರುಗಳ ನಡುವಿನ ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಒಬ್ಬ ಮನುಷ್ಯನಿಗೆ ಅಷ್ಟು ಭಾಷೆ ಸಹಜವಾಗಿ ಒದಗಿದವು. ನಮ್ಮ ಮಕ್ಕಳೂ ನಾಲ್ಕನೆಯ ವಯಸ್ಸಿಗೇ ಎರಡು ಮೂರು ಭಾಷೆ ಅರ್ಥ ಮಾಡಿಕೊಳ್ಳುತ್ತವೆ, ಯಾರ ಹತ್ತಿರ ಯಾವುದು ಆಡಬೇಕು ಎಂದು ಬಲ್ಲವು. ಯುರೋಪಿನಲ್ಲಾಗಿದ್ದರೆ ಇಂಥ ಮಗುವನ್ನು ಕೂರಿಸಿ ಪ್ರಬಂಧ ಬರೆಯುತ್ತಿದ್ದರು. ನಾವು ಅದಕ್ಕೆ ಎ ಫಾರ್ ಆ್ಯಪಲ್ ಬರಲಿಲ್ಲವೆಂದು ಕಿವಿ ಹಿಂಡುತ್ತೇವೆ.

ಅಪ್ಪ ಅವ್ವಂದಿರನ್ನು ಬೈಯುವುದು ಸುಲಭ. ನಾನು ಬೈಯಲಾರೆ. ನಮ್ಮ ಭಾಗದ ಚರಿತ್ರೆ ಅವರ ಪರವಾಗಿದೆ. 1948ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದೆವು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಓದಿದ ತಾತ ಉರ್ದು ಓದಿದ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಪ್ಪ ಕನ್ನಡ ಓದಿದ. ಈಗ ಮೊಮ್ಮಗ ಇಂಗ್ಲಿಷು. ಪ್ರತಿ ಸಲವೂ ಹೊಸ ಭಾಷೆ ಬಂದು, ಹಿಂದಿನವರು ಕಲಿತದ್ದು ಕೆಲಸಕ್ಕೆ ಬಾರದು ಅಂದಿದೆ. ಎಷ್ಟೋ ಮನೆಗಳಲ್ಲಿ ತಾತನಿಗೆ ಮೊಮ್ಮಗನ ಡೈರಿ ಓದಲು ಬರುವುದಿಲ್ಲ, ಮೊಮ್ಮಗನಿಗೆ ತಾತನ ಹೊಲದ ಹಳೆ ಕಾಗದ ಓದಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಪಟ್ಟಿಯ ತಳದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹೆಸರು ಹುಡುಕಿ ಹುಡುಕಿ ಜನ ಸೋತಿದ್ದಾರೆ. ಕೆಲಸ ಇರುವುದು ಹೈದರಾಬಾದಿನಲ್ಲಿ, ಪುಣೆಯಲ್ಲಿ. ‘ನಮ್ಗಂತೂ ಬರ್ಲಿಲ್ಲ, ಅವಕ್ಕರ ಬರ್ಲಿ’ ಎಂದು ತಾಯಿಯೊಬ್ಬಳು ಅಂದರೆ ಅದರಲ್ಲಿ ಮೂರು ತಲೆಮಾರಿನ ಗಾಯವಿದೆ. ಆ ಗಾಯಕ್ಕೆ ಶಾಲೆ ಮಾರುತ್ತಿರುವ ಔಷಧದ ಬಗ್ಗೆ ಮಾತ್ರ ನನ್ನ ಜಗಳ.

ಟೀಚರುಗಳ ಮೇಲೂ ಅಲ್ಲ. ನಮ್ಮ ಊರುಗಳ ಈ ಟೀಚರುಗಳು ಹೆಚ್ಚಿನವರು ನನಗಿಂತ ಚಿಕ್ಕವರು, ಮನೆಯಲ್ಲಿ ಇಂಗ್ಲಿಷು ಆಡದವರು, ಕಡಿಮೆ ಸಂಬಳಕ್ಕೆ ದಿನವಿಡೀ ಗಂಟಲು ಹರಿದುಕೊಳ್ಳುವವರು. ಗ್ಯಾದರಿಂಗಿನ ದಿನ ಮಗು ಸಾಲು ಮರೆತರೆ ಮ್ಯಾನೇಜ್‌ಮೆಂಟಿನಿಂದ ಬೈಗುಳ ಅವರಿಗೇ.

ಕನ್ನಡದ ಪರವಾಗಿ ಮಾತಾಡುವ ನಮ್ಮಂಥವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ‘ಎಲ್ಲಕ್ಕೂ ಪರಿಹಾರ ಕನ್ನಡ ಮಾಧ್ಯಮ’ ಎಂದು ಬೆಂಗಳೂರಿನಲ್ಲಿ ಕೂತು ಬರೆಯುವುದು ಸುಲಭ. ಯಾಡಿ ಅನ್ನುವ ಮಗುವಿಗೆ ಕನ್ನಡವೂ ಶಾಲೆಯ ಭಾಷೆಯೇ. ಅವ್ವ ಅನ್ನುವ ಮಗುವಿನ ಗತಿಯೂ ಬಹಳ ಬೇರೆಯಲ್ಲ. ‘ಹೋಗ್ಲತ್ತೀನಿ’ ಅಂದರೆ ‘ಹೋಗುತ್ತಿದ್ದೇನೆ ಅನ್ನು, ಹಳ್ಳಿಯವರ ಹಾಗೆ ಮಾತಾಡಬೇಡ’ ಎಂದು ತಿದ್ದುವವರನ್ನು ನಾನು ಕನ್ನಡ ಪಾಠದಲ್ಲೇ ಕಂಡಿದ್ದೇನೆ. ಬೀದರಿನ ಕನ್ನಡಕ್ಕೆ ಬೀದರಿನ ಕ್ಲಾಸಿನಲ್ಲಿ ಮರ್ಯಾದೆ ಕೊಡದವರಿಗೆ ಇಂಗ್ಲಿಷಿನ ದಬ್ಬಾಳಿಕೆಯ ಬಗ್ಗೆ ಮಾತಾಡುವ ಹಕ್ಕು ಎಲ್ಲಿಂದ ಬಂತು? ನ್ಯಾಯಾಲಯದ ದಾರಿಯೂ ಅಷ್ಟರಲ್ಲೇ ಇದೆ. ಕರ್ನಾಟಕದ ಭಾಷಾ ನೀತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವುದು ಪೋಷಕರ ಕೆಲಸ ಎಂದಿತು. ಕಾನೂನಿನ ಮಟ್ಟಿಗೆ ಅದು ಮುಗಿದ ಮಾತು. ಆದರೆ ನಾಲ್ಕು ವರ್ಷದ ಮಗು ಯಾವ ಭಾಷೆಯಲ್ಲಿ ಕನಸು ಕಾಣುತ್ತದೆ ಎಂಬುದನ್ನು ಯಾವ ಪೀಠವೂ ತೀರ್ಮಾನಿಸಲಾರದು.

ಬಸವಕಲ್ಯಾಣದ ಹೆಸರು ಬಂದ ತಕ್ಷಣ ಭಾಷಣಕಾರರು ಅನುಭವ ಮಂಟಪಕ್ಕೆ ಹೋಗಿಬಿಡುತ್ತಾರೆ. ನಾನು ಹೋಗುವುದಿಲ್ಲ, ಆ ಹೆಸರನ್ನು ಸ್ವಾಗತ ಕಮಾನುಗಳ ಮೇಲೆ ಬರೆದು ಬರೆದು ನಾವು ಸಾಕಷ್ಟು ಸವೆಸಿದ್ದೇವೆ. ಅದಕ್ಕೆ ಕೆಲವು ದಶಕ ಮುಂಚೆ ಇದೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶ ರಚಿಸಿದ. ಒಟ್ಟು 100 ಅಧ್ಯಾಯ, ಇಪ್ಪತ್ತಿಪ್ಪತ್ತರ ಐದು ಭಾಗ. ಅದರಲ್ಲಿ ಒಂದು ಭಾಗ ಪೂರ್ತಿ ವಿನೋದಕ್ಕೆ, ಇನ್ನೊಂದು ಪೂರ್ತಿ ಕ್ರೀಡೆಗೆ. ರಾಜ್ಯ ಗಳಿಸುವುದು ಹೇಗೆ, ಉಳಿಸುವುದು ಹೇಗೆ ಎಂದು ಬರೆದ ದೊರೆ ಆಟಪಾಟಕ್ಕೂ ಅಷ್ಟೇ ಅಧ್ಯಾಯ ಕೊಟ್ಟ. ಅದೇ ಊರಿನ ಯುಕೆಜಿ ವೇಳಾಪಟ್ಟಿಯಲ್ಲಿ ಫೆಬ್ರವರಿ ಬಂದರೆ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್ಡಿಗೆ. ಸೋಮೇಶ್ವರನ ಆಟಗಳು ಅರಮನೆಯ ಆಟಗಳು ಎಂದು ನೀವು ಆಕ್ಷೇಪಿಸಬಹುದು. ಇರಲಿ, ದೊರೆಗೆ ಬೇಕಾದದ್ದು ಕೂಸಿಗೆ ಬೇಡವೇ?

ಇದೇನೂ ಯಾರಿಗೂ ತಿಳಿಯದ ಸಂಗತಿಯಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಚೀಲದ ಭಾರದ ಬಗ್ಗೆ ಮಾತಾಡಿದರು. ಅದರ ಬೆನ್ನಿಗೆ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು, ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಬೇಡ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕೆ ಮಗುವನ್ನು ಸೋಸುವುದನ್ನೇ ನಿಷೇಧಿಸಿತು. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಆರು ವರ್ಷದ ಮಕ್ಕಳಿಗೆ ಪರೀಕ್ಷೆ ಎಂಬ ಸಾಧನವೇ ಸಲ್ಲದು, ಮಗುವನ್ನು ಗಮನಿಸಿ ತಿಳಿಯಬೇಕು ಎನ್ನುತ್ತದೆ. ನಮ್ಮ ಊರಿನ ಮಾರ್ಚ್ ತಿಂಗಳಿಗೆ ಈ ಕಾಗದಗಳು ತಲುಪಿಲ್ಲ. ಇಲ್ಲಿ ಎಲ್‌ಕೆಜಿಗೂ ವೇಳಾಪಟ್ಟಿ, ಪ್ರಶ್ನೆಪತ್ರಿಕೆ, ರ‍್ಯಾಂಕು.

ಸರ್ಕಾರವಾದರೂ ಬೇರೆ ದಾರಿ ತೋರಿಸಬಹುದಿತ್ತು, ಅದರ ಕೈಯಲ್ಲಿ ಅಂಗನವಾಡಿಯಿತ್ತು. ಆ ಪದವನ್ನೇ ನೋಡಿ. ಗುಜರಾತಿನ ಗಡಿಯ ಹತ್ತಿರ ತಾರಾಬಾಯಿ ಮೋಡಕ್ ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗಳದ ಶಾಲೆ, ಮಗುವಿನ ಮಾತು ಮೊದಲೇ ಇರುವ ಜಾಗ. ಫ್ರೋಬೆಲ್ 1840ರಲ್ಲಿ ಇಟ್ಟ ಕಿಂಡರ್‌ಗಾರ್ಟನ್ ಎಂಬ ಹೆಸರಿನಲ್ಲೂ ಇರುವುದು ತೋಟ. ಅಂಗಳ, ತೋಟ ಎರಡನ್ನೂ ಬಿಟ್ಟು ನಾವು ಸ್ಟೇಜು ಹತ್ತಿದೆವು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಶುರುವಾದಾಗ ಕರ್ನಾಟಕದ ಮೊದಲ ಯೋಜನೆ ತಿ. ನರಸೀಪುರದಲ್ಲಿ ಆರಂಭವಾಯಿತು. ಐವತ್ತು ವರ್ಷದಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ತೂಕ ನೋಡುವುದು, ಆಹಾರ ಹಂಚುವುದು, ಗರ್ಭಿಣಿಯರ ಪಟ್ಟಿ, ಮತದಾರರ ಪಟ್ಟಿ, ಸಮೀಕ್ಷೆ, ಮೊಬೈಲ್ ಆ್ಯಪು ಎಲ್ಲ ಹೇರಿದೆವು. ಸಂಬಳವಲ್ಲ, ‘ಗೌರವಧನ’. ಇಷ್ಟರ ನಡುವೆ ಆಕೆ ಕತೆ ಹೇಳಬೇಕು, ‘ಚಿಲಿಪಿಲಿ’ಯ ಚಟುವಟಿಕೆ ಮಾಡಿಸಬೇಕು. ಆಮೇಲೆ, ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ ಎಂದು ನಾವೇ ಅಂದೆವು.

ಈಗ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಎಲ್‌ಕೆಜಿ, ಯುಕೆಜಿ ಬಂದಿವೆ. ಅಂಗನವಾಡಿ ಖಾಲಿಯಾಗುತ್ತದೆ ಎಂದು 2024ರ ಜೂನ್‌ನಲ್ಲಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಅವರ ಹೊಟ್ಟೆಯ ಪ್ರಶ್ನೆ ನಿಜ. ಬಡವರ ಮಕ್ಕಳಿಗೂ ಯುಕೆಜಿ ಬೇಕು ಎಂಬ ಸರ್ಕಾರದ ಮಾತೂ ಸುಳ್ಳಲ್ಲ. ಎರಡೂ ಕಡೆಯ ಗದ್ದಲದಲ್ಲಿ ಕೇಳದೇ ಹೋದ ಪ್ರಶ್ನೆ, ಆ ಕೋಣೆಯಲ್ಲಿ ಮಗು ಬೆಳಗಿನಿಂದ ಏನು ಮಾಡುತ್ತದೆ ಎಂಬುದು. ಖಾಸಗಿ ಶಾಲೆಯ ಅದೇ ಚುಕ್ಕಿ ಜೋಡಿಸುವ ಪುಸ್ತಕ, ಅದೇ ಮೇ ಐ, ಸಮವಸ್ತ್ರ ಮಾತ್ರ ಪುಕ್ಕಟೆ, ಅಷ್ಟೇ ಆದರೆ ನಾವು ಬಡವರಿಗೆ ಹಂಚಿದ್ದು ರೋಗವನ್ನು. ಮುಂದೆ ಒಂದನೇ ತರಗತಿಯಲ್ಲಿ ನಲಿ-ಕಲಿ ಇದೆ, ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ. ಎರಡು ವರ್ಷ ಬಾಯಿಪಾಠ ಮಾಡಿ ಬಂದ ಮಗುವಿಗೆ ಅಲ್ಲಿ ‘ಈಗ ನಲಿ’ ಅನ್ನಬೇಕಾಗುತ್ತದೆ. ಜೊತೆಗೆ ವಯಸ್ಸಿನ ಗೊಂದಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಯುಕೆಜಿ ಮುಗಿಸಿರಬೇಕು ಎಂಬುದು ಷರತ್ತು. ಯುಕೆಜಿ ಎಂಬುದು ಹೀಗೆ ಸದ್ದಿಲ್ಲದೆ ಟಿಕೀಟಾಗುತ್ತಿದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ, ಬಜೆಟ್ಟೂ ಬೇಕಿಲ್ಲ. ಗ್ಯಾದರಿಂಗ್ ಇರಲಿ, ಡ್ಯಾನ್ಸೂ ಇರಲಿ. ‘ಮೈಸೆಲ್ಫ್’ನ ಜಾಗದಲ್ಲಿ ಪ್ರತಿ ಮಗು ತಾನು ಕಂಡ ಒಂದು ಸಂಗತಿಯನ್ನು ತನ್ನ ಮನೆಯ ಮಾತಿನಲ್ಲಿ ಹೇಳಲಿ, ಕನ್ನಡವೋ ಮರಾಠಿಯೋ ದಖನಿಯೋ ಲಂಬಾಣಿಯೋ. ಮರೆತರೆ ಮರೆಯಲಿ, ಅದು ಅದರದ್ದೇ ಮಾತಾದ್ದರಿಂದ ಇನ್ನೊಂದನ್ನು ಹೇಳುತ್ತದೆ. ಮಾರ್ಚಿನ ಲಿಖಿತ ಪರೀಕ್ಷೆಯ ವಾರದಲ್ಲಿ ದಿನಕ್ಕೊಬ್ಬ ಅಜ್ಜಿ ಕ್ಲಾಸಿಗೆ ಬಂದು ಕೂರಲಿ. ಮೊರ, ಹಿಡಿಯಷ್ಟು ಕಡಲೆ ಜೊತೆಗಿರಲಿ. ನೂರರವರೆಗೆ ಎಣಿಸಲು ಆಗ ಎದುರಿಗೆ ಏನಾದರೂ ಇರುತ್ತದೆ. ಇಂಗ್ಲಿಷೂ ಇರಲಿ. ಕಡಲೆ ಎಣಿಸುತ್ತಾ ಕಲಿತ ಟ್ವೆಂಟಿ ಮಗುವಿನ ಕೈಯಲ್ಲಿ ಉಳಿಯುತ್ತದೆ.

ಬಸವಕಲ್ಯಾಣದ ರಸ್ತೆಯ ಬದಿಗೆ ‘ಪ್ರವೇಶ ಆರಂಭವಾಗಿದೆ’ ಎಂಬ ಬ್ಯಾನರುಗಳು ಗ್ಯಾದರಿಂಗಿನ ಶಾಮಿಯಾನ ಬಿಚ್ಚುವ ಮುಂಚೆಯೇ ಬೀಳುತ್ತವೆ. ಸೀಟು ಕೇಳಲು ಹೋಗುವ ಅಪ್ಪ ಅವ್ವಂದಿರು ಫೀಜು, ಡೊನೇಷನ್ನು, ಬಸ್ಸು, ಸಿಸಿ ಕ್ಯಾಮೆರಾ ಎಲ್ಲ ವಿಚಾರಿಸಿದ ಮೇಲೆ ಹೆಡ್‌ಮಾಸ್ಟರರನ್ನು ಇನ್ನೊಂದು ಕೇಳಲಿ: ಜೂನಿನ ಮೊದಲ ದಿನ ನಮ್ಮ ಕೂಸು ‘ಉಚ್ಚಿ ಬಂದದ’ ಅಂದರೆ ಮಿಸ್ ಏನು ಮಾಡುತ್ತಾರೆ?